ನಾಯಿಗೆ ಎಣ್ಣಿ ಹಾಕ್ಯಾರಂತ

ಪಶುವೈದ್ಯ ಕಾಲೇಜು ಮುಗಿಸಿ ಹೊಸದಾಗಿ ನೌಕರಿಗೆ ಸೇರಿದ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ಯಾವ ಊರು ಕಷ್ಟ, ಯಾವ ರೋಗ ಕಷ್ಟ ಎಂದು ಕೇಳುತ್ತಾರೆ. ಕಷ್ಟ ಊರಿನದೂ ಅಲ್ಲ, ರೋಗದ್ದೂ ಅಲ್ಲ ಎನ್ನುತ್ತೇನೆ. ನಮ್ಮ ರೋಗಿಗೆ ಮಾತು ಬರುವುದಿಲ್ಲ. ಅದನ್ನು ಕರೆದುಕೊಂಡು ಬಂದವರು ಅರ್ಧ ಹೇಳುತ್ತಾರೆ, ಅರ್ಧ ನುಂಗುತ್ತಾರೆ. ಹೇಳಿದ ಅರ್ಧದಲ್ಲಿಯೂ ತಮಗೆ ಆಗದವರ ಹೆಸರು ಬೆರೆತಿರುತ್ತದೆ. ಹೀಗಾಗಿ ಈ ಕೆಲಸ ಮಾಡುತ್ತ ಮಾಡುತ್ತ ನಾನೂ ಎಲ್ಲವನ್ನೂ ಅನುಮಾನದಿಂದ ನೋಡುವ ಹೆಂಗಸಾದೆ. ನಿವೃತ್ತಳಾದ ಮೇಲೂ ಆ ಗುಣ ಹೋಗಿಲ್ಲ. ಹಾಲಿನವನು ನಕ್ಕರೂ ಯಾಕೆ ನಕ್ಕ ಎಂದು ಯೋಚಿಸುತ್ತೇನೆ.

ನಾನು ಸಿಂಧನೂರಿನ ಪಶು ಆಸ್ಪತ್ರೆಗೆ ಬಂದದ್ದು ಎಂಬತ್ತರ ದಶಕದ ನಡುವೆ. ಆ ಕಡೆ ದನದ ಡಾಕ್ಟರಾಗಿ ಹೆಣ್ಣನ್ನು ನೋಡಿದವರು ಇರಲಿಲ್ಲ. ಎಮ್ಮೆ ಹಿಡಿದುಕೊಂಡು ಬಂದವರು ಬಾಗಿಲಲ್ಲಿ ನಿಂತು, "ಡಾಕ್ಟರು ಎಲ್ಲಿ ಹೋಗ್ಯಾರ್ರೀ?" ಎಂದು ನನ್ನನ್ನೇ ಕೇಳುತ್ತಿದ್ದರು. ಒಬ್ಬ ಮುದುಕನ ಎಮ್ಮೆಯನ್ನು ಪರೀಕ್ಷಿಸಿ ಗಬ್ಬವಾಗಿದೆ ಎಂದು ಹೇಳಿದೆ. ಅವನು ತಲೆಯಾಡಿಸಿದ. ಮರುದಿನ ಎಮ್ಮೆಯನ್ನು ಮಸ್ಕಿಗೆ ಹೊಡೆದುಕೊಂಡು ಹೋಗಿ, ಅಲ್ಲಿದ್ದ ಗಂಡು ಡಾಕ್ಟರ ಬಾಯಿಂದ ಅದೇ ಮಾತು ಕೇಳಿಕೊಂಡು ಬಂದ.

ನಾಯಿಗಳ ಬಾಣಂತನದ ಕೇಸುಗಳು ಮಾತ್ರ ತಾವಾಗಿಯೇ ನನ್ನ ಮೇಜಿಗೆ ಬರುತ್ತಿದ್ದವು. ಹೆರಿಗೆ ಹೆಂಗಸರ ಕೆಲಸ ಎಂಬುದು ಒಂದು ಕಾರಣ. ನಾಯಿ ಸತ್ತರೆ ಯಾರಿಗೂ ದೊಡ್ಡ ನಷ್ಟವಿಲ್ಲ ಎಂಬುದು ಇನ್ನೊಂದು. ಲಿಂಗಸುಗೂರಿನಲ್ಲಿದ್ದ ನಮ್ಮ ಮೇಲಿನ ಸಾಹೇಬರಿಗೆ ಇದು ಸರಿಬರುತ್ತಿರಲಿಲ್ಲ. "ಮೇಡಂ, ನಾಯಿ ಹಾಲು ಕೊಡಂಗಿಲ್ಲ, ನೇಗಿಲು ಹೂಡಂಗಿಲ್ಲ. ಅದರ ಹಿಂದ ಯಾಕ ಬಿದ್ದೀರಿ?" ಎನ್ನುತ್ತಿದ್ದರು. ಅವರ ದನಿಯಲ್ಲಿ ಕುತೂಹಲಕ್ಕಿಂತ ಅನುಮಾನವೇ ಹೆಚ್ಚಿತ್ತು.

ಆಗ ನಮ್ಮ ಬಳಿ ಇದ್ದದ್ದು ಸ್ಟವ್ ಮೇಲೆ ಕುದಿಸಿ ಬಳಸುವ ಗಾಜಿನ ಸಿರಿಂಜು, ಥರ್ಮಾಮೀಟರು, ಸ್ಟೆಥಾಸ್ಕೋಪು. ರಕ್ತ ಪರೀಕ್ಷೆ ಬೇಕೆಂದರೆ ದೂರದ ಊರಿಗೆ ಕಳಿಸಬೇಕು. ಉತ್ತರ ಬರುವಷ್ಟರಲ್ಲಿ ಪ್ರಾಣಿ ಬದುಕಿರುತ್ತಿತ್ತು, ಇಲ್ಲವೇ ಸತ್ತಿರುತ್ತಿತ್ತು. ಹೀಗಾಗಿ ಕೈ, ಕಣ್ಣು, ಮೂಗು ನಂಬಿಯೇ ಕೆಲಸ ಮಾಡಬೇಕಾಗಿತ್ತು.

ಮೊದಲ ವರ್ಷ ಮಸ್ಕಿಯ ಡಾಕ್ಟರಿಗೆ ವರ್ಗವಾದದ್ದರಿಂದ ಅಲ್ಲಿಯ ಆಸ್ಪತ್ರೆಯನ್ನೂ ಕೆಲವು ಕಾಲ ನಾನೇ ನೋಡಿಕೊಳ್ಳಬೇಕಾಯಿತು. ಅಲ್ಲಿಗೆ ಬಳೆ ಮಾರುವ ಹಜರತ್‌ಬೀ ಎಂಬ ಹೆಂಗಸು ಬುಟ್ಟಿಯಲ್ಲಿ ಒಂದು ನಾಯಿಮರಿ ಇಟ್ಟುಕೊಂಡು ಬಂದಳು. ಕಣ್ಣು ಬಿಡದ ಕೂಸು. "ಹಾಲು ಕುಡೀವಲ್ದು ಅಕ್ಕಾರ. ಬತ್ತಿ ಅದ್ದಿ ಬಾಯಾಗ ಹಿಂಡಾಕತ್ತೀನಿ, ಉಗುಳತೈತಿ" ಎಂದಳು. ಮರಿಯ ಬಾಯೊಳಗೆ ಬೆರಳಿಟ್ಟೆ. ಮಣ್ಣಿನ ಕೊಡದ ಹೊಟ್ಟೆಯಂತೆ ತಣ್ಣಗಿತ್ತು. ಹುಟ್ಟಿದ ಹೊಸದರಲ್ಲಿ ನಾಯಿಮರಿ ತನ್ನ ಮೈಯ ಬಿಸಿಯನ್ನು ತಾನು ಕಾಯ್ದುಕೊಳ್ಳಲಾರದು. ಮೈ ತಣ್ಣಗಾದ ಮರಿ ಚೀಪುವುದಿಲ್ಲ. ಅಂಥದಕ್ಕೆ ಹಾಲು ಹಿಂಡಿದರೆ ಅದು ಹೊಟ್ಟೆಯಲ್ಲಿ ಕರಗದೆ ಉಳಿಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿದು ಕೊಲ್ಲುತ್ತದೆ. ಮರಿಯನ್ನು ಅವಳ ಸೀರೆಯ ಸೆರಗಿನೊಳಗೆ, ಮೈಗೆ ತಾಗುವಂತೆ ಇಡಿಸಿ ಕೂರಿಸಿದೆ. ಬಹಳ ಹೊತ್ತಾದ ಮೇಲೆ ಅದು ಮೂತಿಯಿಂದ ಅವಳ ಮೈಯನ್ನು ತಡಕಾಡತೊಡಗಿತು. ಈಗ ತಾಯಿಯ ಹತ್ತಿರ ಬಿಡು ಎಂದೆ.

ಹಜರತ್‌ಬೀ ಎದ್ದಳು, ಹೋಗಲಿಲ್ಲ. "ಸೂಜಿ ಮಾಡಲಿಲ್ಲಲ್ರಿ?" ಎಂದಳು.

"ಬ್ಯಾಡ."

"ಗುಳಿಗಿ?"

"ಅದೂ ಬ್ಯಾಡ."

"ದವಾಖಾನ್ಯಾಗ ಔಷಧ ಇಲ್ಲೋ, ನಿಮಗ ಕೊಡಾಕ ಮನಸ್ಸಿಲ್ಲೋ?" ಎಂದು ಕೇಳಿಯೇ ಹೋದಳು. ಮರಿ ಬದುಕಿತು ಎಂದು ಆಮೇಲೆ ತಿಳಿಯಿತು. ಅವಳ ಅನುಮಾನ ಹೋಯಿತೋ ಇಲ್ಲವೋ ಗೊತ್ತಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ವಳಕಮದಿನ್ನಿಯ ಸಂಗತಿ.

ಕಾಲುವೆ ನೀರು ಬಂದ ಊರುಗಳಲ್ಲಿ ಭತ್ತದ ಜೊತೆಗೆ ಕೀಟನಾಶಕವೂ ಮನೆಮನೆಗೆ ಬಂದಿತ್ತು. ಅದನ್ನು ಅಲ್ಲಿ ಎಣ್ಣಿ ಎನ್ನುತ್ತಾರೆ. ಬೆಳೆಗೆ ಎಣ್ಣಿ ಹೊಡೆಯುವುದು, ಜೀವ ಬೇಸರವಾದರೆ ಎಣ್ಣಿ ಕುಡಿಯುವುದು, ಆಗದವರ ದನಕ್ಕೆ ಎಣ್ಣಿ ಹಾಕುವುದು ಎಲ್ಲವೂ ನಿತ್ಯದ ಮಾತು. ಕೋಳಿ ಸತ್ತರೂ ಮೊದಲು ಬಾಯಿಗೆ ಬರುವುದು, "ಯಾರೋ ಎಣ್ಣಿ ಹಾಕ್ಯಾರ" ಎಂಬುದೇ. ಎಷ್ಟೋ ಸಲ ಅದು ನಿಜವೂ ಆಗಿರುತ್ತಿತ್ತು. ಅದೇ ತೊಂದರೆ.

ಒಂದು ಮುಂಜಾನೆ ಆಸ್ಪತ್ರೆಯ ಬಾಗಿಲು ತೆಗೆಯುವ ಹೊತ್ತಿಗೆ ವಳಕಮದಿನ್ನಿಯ ಅಮರೇಗೌಡ ಎಂಬ ರೈತ ಗೊಬ್ಬರದ ಹಳೆಯ ಚೀಲವೊಂದನ್ನು ಹಿಡಿದು ನಿಂತಿದ್ದ. ಚೀಲವನ್ನು ನನ್ನ ಮೇಜಿನ ಮುಂದೆ ಸುರುವಿದ. ಎರಡು ಸತ್ತ ನಾಯಿಮರಿಗಳು.

"ಎಣ್ಣಿ ಹಾಕ್ಯಾರ್ರೀ. ನೀವು ಬರದು ಕೊಡ್ರಿ, ನಾ ಠಾಣೆಗೆ ಹೋಗ್ತೀನಿ" ಎಂದ.

"ಯಾರು ಹಾಕ್ಯಾರ?"

"ಪಂಪಣ್ಣ. ಅಂವ ಅಲ್ಲಂದ್ರ ಅವನ ಮಗ ಶರಣ. ಇಬ್ಬರಾಗ ಒಬ್ಬರು."

ಪಂಪಣ್ಣನ ಹೊಲ ಅಮರೇಗೌಡನ ಹೊಲದ ಕೆಳಗಿತ್ತು. ಇಬ್ಬರಿಗೂ ಒಂದೇ ತೂಬಿನ ನೀರು. ಪಾಳಿ ಯಾರದು ಎಂಬ ಜಗಳ ಹಳೆಯದು. ಒಮ್ಮೆ ಪಂಪಣ್ಣನ ಮಗ ಶರಣ ತೂಬು ತೆಗೆಯಲು ಬಂದಾಗ ಅಮರೇಗೌಡನ ನಾಯಿ ಬೆಳ್ಳಿ ಅವನನ್ನು ಅಟ್ಟಿಸಿಕೊಂಡು ಹೋಗಿ ಲುಂಗಿ ಹರಿದಿತ್ತು. ಆಗ ಶರಣ ನಾಲ್ಕು ಜನರ ಮುಂದೆ, "ಎಣ್ಣಿ ಹಾಕಿ ಇದನ್ನ ಮಲಗಸ್ತೀನಿ" ಎಂದಿದ್ದ. ಆಮೇಲೆ ಬೆಳ್ಳಿ ಏಳು ಮರಿ ಈದಿತ್ತು. ಅದರಲ್ಲಿ ಎರಡು ಈಗ ನನ್ನ ಮುಂದೆ ಬಿದ್ದಿದ್ದವು.

ನೋಡದೆ ಬರೆದುಕೊಡುವುದಿಲ್ಲ ಎಂದೆ. ಆಸ್ಪತ್ರೆಯ ಹಿಂದೆ ಮರಿಗಳ ಹೊಟ್ಟೆ ಕೊಯ್ದು ನೋಡಿದೆ. ಅಮರೇಗೌಡ ನನ್ನ ಭುಜದ ಹಿಂದೆಯೇ ನಿಂತು ಪ್ರತಿಯೊಂದನ್ನೂ ಗಮನಿಸುತ್ತಿದ್ದ. ಎರಡರ ಹೊಟ್ಟೆಯೂ ಬರಿದು. ಎಣ್ಣಿಯ ವಾಸನೆ ಇಲ್ಲ, ಹಾಲಿನ ಗಡ್ಡೆಯೂ ಇಲ್ಲ.

"ಕಣ್ಣು ಬಿಡದ ಮರಿ ತಾಯಿ ಮೊಲೆ ಬಿಟ್ಟು ಬೇರೆ ಏನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ ಗೌಡ್ರೆ. ಇವು ಹಾಲನ್ನೂ ಕುಡಿದಿಲ್ಲ" ಎಂದೆ.

"ತಾಯಿಗೆ ಬೇಕಾದಷ್ಟು ಹಾಲೈತಿ. ಕುಡೀದಂಗ ಏನರ ಮಾಡಿರಬೇಕು" ಎಂದ.

ತಾಯಿಯನ್ನು ನೋಡಬೇಕೆಂದು ಟೆಂಪೋ ಹತ್ತಿ ಅವನ ಊರಿಗೆ ಹೋದೆ. ಅಮರೇಗೌಡನ ಹೆಂಡತಿ ಬಸಮ್ಮ ನನ್ನನ್ನು ಹಿತ್ತಲಿನ ಒಂದು ಕೋಣೆಗೆ ಕರೆದುಕೊಂಡು ಹೋದಳು. ಬಾಗಿಲಿಗೆ ಕೀಲಿ ಜಡಿದಿತ್ತು. ತೆಗೆದ ಕೂಡಲೇ ನನ್ನ ಕಣ್ಣು ಉರಿಯಿತು. ಒಂದು ಗೋಡೆಗೆ ಯೂರಿಯಾ ಚೀಲಗಳು, ಇನ್ನೊಂದು ಗೋಡೆಗೆ ಎಣ್ಣಿಯ ಡಬ್ಬಿಗಳು, ಮೂಲೆಯಲ್ಲಿ ಹೊಡೆಯುವ ಪಂಪು. ಕಿಟಕಿ ಇಲ್ಲ. ಬರೀ ಸಿಮೆಂಟು ನೆಲ. ಅದರ ಮೇಲೆ ಮರಿಗಳು ಒಂದೊಂದು ದಿಕ್ಕಿಗೆ ಬಿದ್ದು ಸಣ್ಣಗೆ ಕುಂಯ್‌ಗುಟ್ಟುತ್ತಿದ್ದವು. ಆರೋಗ್ಯವಾಗಿರುವ ಮರಿಗಳು ಒಂದರ ಮೇಲೊಂದು ಗುಡ್ಡೆಯಾಗಿ ಮಲಗಿರುತ್ತವೆ, ಸದ್ದು ಮಾಡುವುದಿಲ್ಲ. ಬಿಳಿಯ ಬೆಳ್ಳಿ ಒಂದು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಬಾಗಿಲಿಗೆ ಬಂದಿತು, ತಿರುಗಿ ಒಳಗೆ ಹೋಯಿತು, ಮತ್ತೆ ಬಂದಿತು.

"ತನ್ನ ಮರಿ ತಾನಽ ತಿನ್ನಾಕ ನೋಡಾಕತ್ತೈತೇನ್ರಿ ಅಕ್ಕಾರ?" ಎಂದು ಬಸಮ್ಮ ಕೇಳಿದಳು.

"ಇಲ್ಲವ್ವಾ. ಹೊರಗೆ ಒಯ್ಯಲು ನೋಡುತ್ತಿದೆ. ಇಲ್ಲಿ ಯಾಕೆ ಹಾಕಿದಿರಿ?"

ಅವಳು ಗಂಡನ ಮುಖ ನೋಡಿದಳು. ಅವನು ಡಬ್ಬಿಗಳ ಕಡೆ ನೋಡಿದ. "ಮೊದಲು ಹುಲ್ಲಿನ ಬಣವಿ ಬುಡಕ ಈದಿತ್ರಿ. ಅಲ್ಲಿದ್ರ ಪಂಪಣ್ಣನ ಮನಿಯವ್ರು ಎಣ್ಣಿ ಹಾಕ್ತಾರಂತ ಇವ್ರು ತಂದು ಇದರಾಗ ಹಾಕಿ ಕೀಲಿ ಜಡದ್ರು" ಎಂದಳು ಬಸಮ್ಮ.

ನಾನು ಅಮರೇಗೌಡನನ್ನು ಹೊರಗೆ ಕರೆದು ಹೇಳಿದೆ. ಮರಿಗಳು ನೆಲದ ಥಂಡಿಗೆ ಸತ್ತಿವೆ, ಇಲ್ಲಿಯ ಗಾಳಿಯೂ ಅವುಗಳ ಎದೆಗೆ ಹೊಡೆದಿದೆ, ಮೈ ತಣ್ಣಗಾಗಿ ಹಾಲು ಚೀಪುವ ಶಕ್ತಿಯೇ ಇರಲಿಲ್ಲ ಎಂದೆ. ಅವನು ಪೂರ್ತಿ ಕೇಳಿದ. ಆಮೇಲೆ ದನಿ ಇಳಿಸಿ, "ಪಂಪಣ್ಣ ನಿಮ್ಮ ದವಾಖಾನಿಗೆ ಬಂದಿದ್ದನೇನ್ರಿ?" ಎಂದ.

"ಅವನ ಮುಖವನ್ನೂ ನಾನು ನೋಡಿಲ್ಲ."

"ಅಲ್ಲ, ಅವನ ಕಡೆ ಮಾತಾಡಾಕತ್ತೀರಿ. ಅದಕ್ಕ ಕೇಳಿದೆ."

ಅವನ ಜೊತೆ ವಾದ ಮಾಡಲಿಲ್ಲ. ಕೊಟ್ಟಿಗೆಯ ಬೆಚ್ಚನೆಯ ಮೂಲೆಯಲ್ಲಿ ಹುಲ್ಲು ಹಾಸಿಸಿದೆ, ಮೇಲೆ ಗೋಣಿಚೀಲ, ನಡುವೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಗಳು. ಉಳಿದ ಐದು ಮರಿಗಳನ್ನು ಅಲ್ಲಿಟ್ಟೆವು. ಮೈ ಬೆಚ್ಚಗಾದ ಮೇಲೆ ಒಂದೊಂದನ್ನೇ ಮೊಲೆಗೆ ಹಚ್ಚಿದೆ. ಬೆಳ್ಳಿಯ ಓಡಾಟ ನಿಂತಿತು. ಬಸಮ್ಮ ಬಾಟಲಿಗಳನ್ನು ಬದಲಾಯಿಸುತ್ತ ಅಲ್ಲಿಯೇ ಕುಳಿತಳು.

ಹೊರಟಾಗ ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ನಡುವಯಸ್ಸಿನವನು ಕುಳಿತಿದ್ದ. ಅವನೇ ಪಂಪಣ್ಣ ಎಂದು ಬಸಮ್ಮ ಕಣ್ಣಿನಲ್ಲೇ ತೋರಿಸಿದಳು. ನಾನು ಅವನ ಕಡೆ ನೋಡಿದ ಕೂಡಲೇ ಅವನು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ತಪ್ಪು ಮಾಡದವನು ಡಾಕ್ಟರನ್ನು ತಡೆದು ನಿಲ್ಲಿಸಿ, ನಾನಲ್ಲ ಎಂದು ಹೇಳಬೇಕಾಗಿತ್ತು. ಟೆಂಪೋದಲ್ಲಿ ಕುಳಿತಾಗ ಅದೇ ಯೋಚನೆ. ಮರಿಗಳು ಥಂಡಿಗೆ ಸತ್ತಿದ್ದವು ಎಂಬುದರಲ್ಲಿ ನನಗೆ ಸಂಶಯವಿರಲಿಲ್ಲ. ಆದರೆ ಈ ಮನುಷ್ಯನ ಮನಸ್ಸಿನಲ್ಲಿ ಏನೋ ಇದೆ ಎಂಬುದರಲ್ಲಿಯೂ ಸಂಶಯವಿರಲಿಲ್ಲ.

ಕೆಲವು ವಾರ ಸುದ್ದಿ ಇರಲಿಲ್ಲ. ಮರಿಗಳು ಕಣ್ಣು ಬಿಟ್ಟಿವೆ, ಕೊಬ್ಬಿವೆ ಎಂದು ಪೇಟೆಗೆ ಬಂದಿದ್ದ ಬಸಮ್ಮ ಒಮ್ಮೆ ಹೇಳಿ ಹೋದಳು. ಆಮೇಲೆ ಒಂದು ಮಧ್ಯಾಹ್ನ ಅಮರೇಗೌಡನ ತಮ್ಮ ಮೋಟರ್ ಸೈಕಲ್ ಮೇಲೆ ಬಂದ.

"ಡಾಕ್ಟರಮ್ಮ, ಈಗ ಖರೇನಽ ಎಣ್ಣಿ. ನಾಯಿ ನಡಗಾಕತ್ತೈತಿ, ಬಾಯಾಗ ಜೊಲ್ಲು ಸುರೀತೈತಿ. ನಮ್ಮಣ್ಣ ಮಂದಿ ಕರಕೊಂಡು ಕುಂತಾನ. ನೀವು ಬಂದು ಹೌದು ಅಂದ್ರ ಸಾಕು."

ಹೌದು ಅಂದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲ. ಚೀಲದಲ್ಲಿ ಎರಡು ಔಷಧ ಇಟ್ಟುಕೊಂಡೆ. ಒಂದು ಎಣ್ಣಿಯ ವಿಷಕ್ಕೆ ಕೊಡುವ ಅಟ್ರೋಪಿನ್, ಇನ್ನೊಂದು ಕರು ಹಾಕಿದ ದನಗಳಿಗೆಂದು ಇಟ್ಟಿದ್ದ ಕ್ಯಾಲ್ಸಿಯಂ ಬಾಟಲಿ. ಅವನ ಗಾಡಿಯ ಹಿಂದೆಯೇ ಕುಳಿತು ಹೋದೆ. ಜನ ಏನಂದಾರು ಎಂದು ಯೋಚಿಸುವ ಹೊತ್ತಲ್ಲ ಅದು.

ಅಮರೇಗೌಡನ ಅಂಗಳದಲ್ಲಿ ಏಳೆಂಟು ಗಂಡಸರು ಬಡಿಗೆ ಹಿಡಿದು ಸಾಲಾಗಿ ಕುಳಿತಿದ್ದರು. ಎದುರಿಗೆ ಪಂಪಣ್ಣನ ಮನೆಯ ಬಾಗಿಲು ಮುಚ್ಚಿತ್ತು. ಕೊಟ್ಟಿಗೆಯಲ್ಲಿ ಬೆಳ್ಳಿ ಮಗ್ಗುಲಾಗಿ ಬಿದ್ದಿತ್ತು. ನಾಲ್ಕು ಕಾಲೂ ಕಟ್ಟಿಗೆಯಂತೆ ಸೆಟೆದಿದ್ದವು. ಮೈಯ ಒಂದೊಂದು ಸ್ನಾಯುವೂ ಬೇರೆ ಬೇರೆಯಾಗಿ ಅದುರುತ್ತಿತ್ತು. ಉಸಿರು ಓಡುತ್ತಿತ್ತು. ಥರ್ಮಾಮೀಟರಿನ ಪಾದರಸ ತುದಿಯವರೆಗೂ ಏರಿತು.

ನನಗೂ ಮೊದಲು ವಿಷವೆಂದೇ ಅನಿಸಿತು. ಜೊಲ್ಲು, ನಡುಕ ಎರಡೂ ಎಣ್ಣಿಯ ಲಕ್ಷಣವೇ. ಮುಚ್ಚಿದ ಆ ಬಾಗಿಲು ನನ್ನ ತಲೆಯಲ್ಲಿ ಇತ್ತು. ಕೈ ಅಟ್ರೋಪಿನ್ ಕಡೆಗೆ ಹೋಯಿತು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ನೆನಪಿಡಬೇಕು. ಮನೆಯವರ ಅನುಮಾನ ನಮಗೂ ಜ್ವರದ ಹಾಗೆ ಅಂಟುತ್ತದೆ. ಸೂಜಿಗೆ ಔಷಧ ಎಳೆಯುವ ಮೊದಲು ಒಂದು ಸಲ ಪ್ರಾಣಿಯನ್ನು ಮಾತ್ರ ನೋಡಬೇಕು.

ಬೆಳ್ಳಿಯ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟೆ. ಎಣ್ಣಿ ಹೊಟ್ಟೆಗೆ ಹೋಗಿದ್ದರೆ ಕಣ್ಣಿನ ಪಾಪೆ ಸಾಸಿವೆ ಕಾಳಿನಷ್ಟಾಗಬೇಕು. ಇದರದು ಅಗಲವಾಗಿ ತೆರೆದಿತ್ತು. ಬಾಯಿಗೆ ಮೂಗು ಹಿಡಿದು ಮೂಸಿದೆ. ನಾಯಿಯ ಬಾಯಿಯ ವಾಸನೆ ಬಿಟ್ಟರೆ ಬೇರೆ ಇಲ್ಲ. ವಾಂತಿ ಇಲ್ಲ, ಭೇದಿ ಇಲ್ಲ. ಪಕ್ಕದಲ್ಲಿ ಐದು ಮರಿಗಳು ಗುಂಡು ಬದನೆಕಾಯಿಯ ಹಾಗೆ ಉಬ್ಬಿಕೊಂಡು ಮಲಗಿದ್ದವು. ತಾಯಿಯ ಪಕ್ಕೆಲುಬು ಎಣಿಸಬಹುದಾಗಿತ್ತು.

"ಇದಕ್ಕೆ ಏನು ತಿನ್ನಲು ಹಾಕುತ್ತೀರಿ?" ಎಂದು ಬಸಮ್ಮನನ್ನು ಕೇಳಿದೆ.

"ರೊಟ್ಟಿ ರೀ. ಉಳದ್ರ ಅನ್ನದ ಗಂಜಿ."

"ಬೇರೇನೂ ಇಲ್ಲವೆ?"

"ಹೊರಗಿನವರು ಏನರ ಹಾಕಿಗೀಕ್ಯಾರಂತ ಅಂಗಳ ದಾಟಾಕ ಬಿಟ್ಟಿಲ್ರಿ. ಮೊದಲು ತಾನಽ ಹೋಗಿ ಇಲಿ, ಏಡಿ, ಏನರ ತಿಂದು ಬರ್ತಿತ್ತು."

ವಿಷಯ ಸ್ಪಷ್ಟವಾಯಿತು. ಐದು ಮರಿಗಳು ಎಳೆಯುವ ಹಾಲಿನಲ್ಲಿ ತಾಯಿಯ ರಕ್ತದ ಸುಣ್ಣದಂಶವೆಲ್ಲ ಹರಿದು ಹೋಗುತ್ತಿತ್ತು. ಬರೀ ರೊಟ್ಟಿ ಗಂಜಿಯಿಂದ ಅದು ತುಂಬಿಬರುವುದಿಲ್ಲ. ಸುಣ್ಣದಂಶ ಇಳಿದರೆ ಬಾಣಂತಿ ನಾಯಿ ಹೀಗೆಯೇ ಸೆಟೆದು ನಡುಗಿ ಸಾಯುತ್ತದೆ. ಔಷಧ ಇದೆ. ಆದರೆ ಅದನ್ನು ರಕ್ತನಾಳಕ್ಕೆ ಅವಸರದಿಂದ ಬಿಟ್ಟರೆ ಹೃದಯ ನಿಂತುಬಿಡುತ್ತದೆ.

ಕ್ಯಾಲ್ಸಿಯಂ ಬಾಟಲಿ ತೆಗೆದಾಗ ಅಮರೇಗೌಡ ಅಡ್ಡ ಬಂದ.

"ಅದರಾಗ ಏನೈತ್ರಿ?"

"ಸುಣ್ಣದಂಶ. ಇದಕ್ಕೆ ಅದು ಕಡಿಮೆಯಾಗಿದೆ."

"ಎಣ್ಣಿಗೆ ಸುಣ್ಣ ಕೊಡ್ತಾರೇನು?"

"ಇದು ಎಣ್ಣಿ ಅಲ್ಲ ಗೌಡ್ರೆ."

ಹೊರಗೆ ಬಡಿಗೆಗಳು ನೆಲಕ್ಕೆ ಊರಿದ ಸದ್ದಾಯಿತು. ಅಮರೇಗೌಡ ನನ್ನನ್ನು ದಿಟ್ಟಿಸಿ ನೋಡಿದ. "ನಿಮ್ಮ ಸೂಜಿಯಿಂದ ಇದು ಸತ್ರ, ಎಣ್ಣಿಯಿಂದಽ ಸತ್ತೈತಿ ಅಂತ ತಿಳೀತೀನಿ ನೋಡ್ರಿ" ಎಂದ.

ಮುಂಗಾಲಿನ ರಕ್ತನಾಳಕ್ಕೆ ಸೂಜಿ ಹಾಕಿದೆ. ಕಾಲು ಅದುರುತ್ತಿದ್ದುದರಿಂದ ಬಸಮ್ಮ ಎರಡೂ ಕೈಯಿಂದ ಒತ್ತಿ ಹಿಡಿದಳು. ಕಿವಿಯಲ್ಲಿ ಸ್ಟೆಥಾಸ್ಕೋಪು, ಎದೆಯ ಮೇಲೆ ಒಂದು ಕೈ, ಸಿರಿಂಜಿನ ಮೇಲೆ ಇನ್ನೊಂದು. ಹನಿಹನಿಯಾಗಿ ಬಿಟ್ಟೆ. ಒಮ್ಮೆ ಬಡಿತ ಜೋಲಿ ತಪ್ಪಿತು. ಕೈ ನಿಲ್ಲಿಸಿದೆ. ಆ ಕ್ಷಣ ನನಗೆ ಕಂಡದ್ದು ನಾಯಿಯಲ್ಲ, ಎದುರು ಮನೆಯ ಬಾಗಿಲು. ಈ ಎದೆ ಈಗ ನಿಂತರೆ ಆ ಬಾಗಿಲು ಒಡೆಯುತ್ತದೆ. ಬಡಿತ ಮತ್ತೆ ಸಾಲಿಗೆ ಬಂದಿತು. ಮತ್ತೆ ಹನಿ ಬಿಟ್ಟೆ.

ಮೊದಲು ನಿಂತದ್ದು ತುಟಿಯ ನಡುಕ. ಆಮೇಲೆ ಭುಜದ್ದು. ಕಾಲುಗಳು ಮಡಚಿದವು. ಬಾಟಲಿ ಪಕ್ಕಕ್ಕಿಟ್ಟು ಕುಳಿತುಕೊಂಡೆವು. ಸ್ವಲ್ಪ ಹೊತ್ತಿಗೆ ಬೆಳ್ಳಿ ನಾಲಗೆಯಿಂದ ಮೂಗು ಸವರಿಕೊಂಡಿತು, ತಲೆ ಎತ್ತಿತು, ಎದ್ದು ತೂರಾಡುತ್ತ ನೀರಿನ ಬೋಗುಣಿಗೆ ಹೋಯಿತು. ಹೊರಗಿದ್ದವರು ಒಬ್ಬೊಬ್ಬರಾಗಿ ಬಂದು ನೋಡಿದರು, ಒಬ್ಬೊಬ್ಬರಾಗಿ ಮನೆಗೆ ಹೋದರು.

ಒಂದು ದಿನ ಮರಿಗಳನ್ನು ತಾಯಿಯಿಂದ ದೂರ ಇಡಿ, ಆಕಳ ಹಾಲು ಕೊಡಿ, ಅದಕ್ಕೆ ನೀರು ಬೆರೆಸಬೇಡಿ, ನಾಯಿಯ ಹಾಲು ಆಕಳ ಹಾಲಿಗಿಂತ ಗಟ್ಟಿ ಎಂದು ಬಸಮ್ಮನಿಗೆ ಹೇಳಿದೆ. ತಾಯಿಗೆ ಹಾಲು, ಮೊಟ್ಟೆ, ಎಲುಬು ಹಾಕಲು ಹೇಳಿದೆ. ಅಮರೇಗೌಡ ನನ್ನನ್ನು ಟೆಂಪೋ ನಿಲ್ಲುವಲ್ಲಿಗೆ ಬಿಡಲು ಬಂದ.

"ಅಂದ್ರ ಈ ಸಲ ಅಂವ ಹಾಕಿಲ್ಲ" ಎಂದ.

"ಯಾವ ಸಲವೂ ಹಾಕಿಲ್ಲ ಗೌಡ್ರೆ."

"ಹಾಕಿಲ್ಲಂತ ನಿಮಗ ಗೊತ್ತಾತು. ಮುಂದ ಹಾಕಂಗಿಲ್ಲಂತ ಹ್ಯಾಂಗ ಹೇಳ್ತೀರಿ?"

ಅಷ್ಟರಲ್ಲಿ ಟೆಂಪೋ ಬಂದಿತು, ಹತ್ತಿಕೊಂಡೆ.

ವಾರದ ಮೇಲೆ ಪಂಪಣ್ಣ ಆಸ್ಪತ್ರೆಗೆ ಬಂದ. ಜೊತೆಗೆ ಯಾವ ಪ್ರಾಣಿಯೂ ಇರಲಿಲ್ಲ. ಬೆಂಚಿನ ತುದಿಯಲ್ಲಿ ಕುಳಿತು, ಎಲ್ಲರೂ ಹೋಗುವವರೆಗೆ ಕಾದ. ಈಗ ಇವನು ಅಮರೇಗೌಡನ ಮೇಲೆ ಏನೋ ಬರೆಸಿಕೊಳ್ಳಲು ಬಂದಿದ್ದಾನೆ ಎಂದುಕೊಂಡೆ.

"ಡಾಕ್ಟರಮ್ಮ, ಆ ನಾಯಿಗೆ ಖರೇನಽ ಯಾರೂ ಎಣ್ಣಿ ಹಾಕಿದ್ದಿಲ್ಲೇನ್ರಿ?" ಎಂದು ಕೇಳಿದ.

"ಇಲ್ಲ."

"ಮೊದಲು ಸತ್ತ ಮರಿಗೋಳಿಗೆ?"

"ಅವಕ್ಕೂ ಇಲ್ಲ. ಥಂಡಿಗೆ ಸತ್ತವು."

ಅವನು ಹೆಗಲ ಮೇಲಿನ ಟವೆಲ್ಲನ್ನು ಮುಖಕ್ಕೆ ಒತ್ತಿಕೊಂಡ. ಆಮೇಲೆ ಹೇಳಿದ. ಮರಿಗಳು ಸತ್ತ ದಿನವೇ ಅವನು ಮಗ ಶರಣನನ್ನು ದನ ಕಟ್ಟುವ ಗೂಟಕ್ಕೆ ಕಟ್ಟಿ ಹೊಡೆದಿದ್ದ. ಎಣ್ಣಿ ಹಾಕುತ್ತೇನೆಂದು ನಾಲ್ಕು ಜನರ ಮುಂದೆ ಅಂದವನು ಅವನೇ ಅಲ್ಲವೆ. ಶರಣ ಅಂಬಾಮಠದ ದೇವಿಯ ಆಣೆ ಮಾಡಿ, ತಾನು ಹಾಕಿಲ್ಲ ಎಂದಿದ್ದ.

"ನಾ ನಂಬಲಿಲ್ರಿ. ಮನ್ಯಾಗಿಂದ ಹೊರಗ ಹಾಕಿದೆ. ಅವತ್ತು ನಿಮ್ಮನ್ನ ನೋಡಿ ಬಾಗಲಾ ಹಾಕ್ಕೊಂಡಿದ್ದು ಗೌಡಗ ಅಂಜಿ ಅಲ್ಲ. ನಿನ್ನ ಮಗ ಎಲ್ಲ್ಯದಾನಂತ ನೀವು ಕೇಳಿದ್ರ, ನನ್ನ ಬಾಯಾಗಿಂದಽ ಅವನ ಹೆಸರು ಬರ್ತೈತಿ ಅಂತ ಅಂಜಿದೆ."

ಅವನು ಬಾಗಿಲು ಹಾಕಿಕೊಂಡದ್ದಕ್ಕೆ ನಾನು ಎಂಥ ಅರ್ಥ ಹಚ್ಚಿದ್ದೆ ಎಂಬುದು ಅವನಿಗೆ ತಿಳಿಯಲಿಲ್ಲ. ನಾನೂ ಹೇಳಲಿಲ್ಲ.

"ಈಗ ಎಲ್ಲಿದ್ದಾನೆ?" ಎಂದೆ.

"ಲಿಂಗಸುಗೂರಿನಾಗ, ಲಾರಿ ಗ್ಯಾರೇಜಿನ್ಯಾಗ. ನಾ ಎರಡು ಸಲ ಹೋಗಿದ್ದೆ, ಮಾತಾಡಲಿಲ್ಲ. ನೀವು ಮೀಟಿಂಗಿಗೆ ಅಲ್ಲಿಗೆ ಹೋಗ್ತೀರಂತ. ಒಂದ್ ಮಾತು ಹೇಳ್ರಿ. ಅಪ್ಪಗ ಈಗ ಗೊತ್ತಾಗೈತಿ ಅಂತ ಹೇಳ್ರಿ."

ಮುಂದಿನ ಮೀಟಿಂಗಿನಲ್ಲಿ ಸಾಹೇಬರು ದನದ ಬಾಟಲಿಯನ್ನು ನಾಯಿಗೆ ಯಾಕೆ ಬಳಸಿದಿರಿ ಎಂದು ಎಲ್ಲರ ಮುಂದೆ ಕೇಳಿದರು. ಗೌಡ ನನಗೆ ಬೇಕಾದವನೋ ಎಂದೂ ಕೇಳಿದರು. ಹೇಳುವಷ್ಟು ಹೇಳಿ ಹೊರಗೆ ಬಂದೆ. ಗ್ಯಾರೇಜು ಹುಡುಕುವುದು ಕಷ್ಟವಾಗಲಿಲ್ಲ. ಇಪ್ಪತ್ತರ ಆಸುಪಾಸಿನ ತೆಳ್ಳಗಿನ ಯುವಕ, ಲಾರಿಯ ಗಾಲಿ ಬಿಚ್ಚುತ್ತಿದ್ದ. ನಾನು ಯಾರೆಂದು ಹೇಳಿದೆ. ಅವನು ನಟ್ಟು ತಿರುಗಿಸುವ ಪಾನಾ ಕೆಳಗಿಡಲಿಲ್ಲ.

ಮರಿಗಳು ಹೇಗೆ ಸತ್ತವು, ಬೆಳ್ಳಿ ಯಾಕೆ ನಡುಗಿತು ಎಂದು ಎಲ್ಲವನ್ನೂ ಹೇಳಿದೆ. ಅವನು ಕೇಳಿಸಿಕೊಂಡ.

"ಉಳದ ಮರಿಗೋಳು ಅದಾವೇನ್ರಿ?" ಎಂದ.

"ಐದೂ ಇವೆ."

"ಚಲೋ ಆತು."

"ನೀನು ಹಾಕಿಲ್ಲ ಎಂದು ನಿಮ್ಮ ಅಪ್ಪನಿಗೆ ಈಗ ಗೊತ್ತಾಗಿದೆ" ಎಂದೆ.

"ನೀವು ಹೇಳಿದ್ಮ್ಯಾಲ ಗೊತ್ತಾತು" ಎಂದ. "ನಾ ಹೇಳಿದಾಗ ಗೊತ್ತಾಗಲಿಲ್ಲ."

ಅವನು ಗಾಲಿಯ ಕಡೆ ತಿರುಗಿದ. ನಾನು ಇನ್ನೂ ನಿಂತಿದ್ದೆ. ಸಿಂಧನೂರಿನ ಬಸ್ಸಿಗೆ ಹೊತ್ತಾಗುತ್ತಿತ್ತು. ಊರಿಗೆ ಹೋದ ಮೇಲೆ ಪಂಪಣ್ಣ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುತ್ತಾನೆ ಎಂದು ಗೊತ್ತಿತ್ತು.

"ಅಪ್ಪನಿಗೆ ಏನು ಹೇಳಲಿ?" ಎಂದು ಕೇಳಿದೆ.

"ನಾಯಿ ಅರಾಮ ಐತಿ ಅಂತ ಹೇಳ್ರಿ" ಎಂದ. 

ಅವನು ಬಗ್ಗಿ ಕೆಲಸ ಮುಂದುವರಿಸಿದ.